ಗೊಳಕ್ ಅಂದ ಬಚ್ಚಲು: ಚಿಕ್ಕಮಗಳೂರಿನ ಒಂದು ಹಂಚಿನ ಮನೆಯ ಪ್ರಕರಣ

ಆರಿದ್ರಾ ಮಳೆ ಹಿಡಿದ ಮೂರನೇ ದಿನ ಅಜ್ಜಿ ಫೋನ್ ಮಾಡಿದರು. "ನೀನು ಕಟ್ಟಿಕೊಟ್ಟ ಬಚ್ಚಲು ಮಾತಾಡುತ್ತೆ ಕಣೋ. ರಾತ್ರಿ ಎದ್ದು ಫ್ಲಶ್ ಒತ್ತಿದ್ರೆ ಮೂಲೆಯಿಂದ ಗೊಳಕ್ ಅಂತ ಉತ್ತರ ಕೊಡುತ್ತೆ. ಆಮೇಲೆ ಮೂಗು ಮುಚ್ಕೊಂಡು ಮಲಗ್ಬೇಕು."

ಆ ಕೆಲಸ ಮುಗಿಸಿ ಮೂರು ತಿಂಗಳಾಗಿತ್ತು. ಏಪ್ರಿಲ್‌ನಲ್ಲೇ ಒಮ್ಮೆ ವಾಸನೆ ಅಂದಿದ್ದರು. ಬಿಸಿಲಿಗೆ ಟ್ರ್ಯಾಪ್, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ನೆಲದಡಿಯ ಬಾಗು, ಒಣಗಿರುತ್ತೆ, ಒಂದು ಚೊಂಬು ನೀರು ಹಾಕಿ ಅಂತ ಫೋನಿನಲ್ಲೇ ಹೇಳಿ ಕೈತೊಳೆದುಕೊಂಡಿದ್ದೆ. ಅವರು ಹಾಕಿದ್ದರು, ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ನಡುವೆ ಬೆಂಗಳೂರಿನಿಂದ ಬಂದ ಅವರ ಮಗ ಬೇರೊಬ್ಬ ಪ್ಲಂಬರ್‌ನನ್ನು ಕರೆಸಿ ಕಮೋಡ್ ಬುಡಕ್ಕೆ ಸಿಲಿಕಾನ್ ಹಾಕಿಸಿದ್ದ, ಬೇಸಿನ್ ಕೆಳಗಿನ ಪೈಪ್ ಬದಲಿಸಿದ್ದ, ಜಾಲರಿ ಮೇಲೆ ನುಸಿಗುಳಿಗೆ ಇಡಿಸಿದ್ದ. ಇವಕ್ಕೆಲ್ಲ ಖರ್ಚಾದದ್ದು ನಾನು ಮೊದಲೇ ಹಾಕಬೇಕಿದ್ದ ಒಂದು ಪೈಪಿನ ಬೆಲೆಗಿಂತ ಜಾಸ್ತಿ. ಮುಂದೆ ಬರುವ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ. ನಕ್ಷೆ ಬರೆದವನೂ ನಾನೇ, ಅದರಲ್ಲಿದ್ದ ಒಂದು ಚುಕ್ಕಿಗೆರೆಯನ್ನು ಕೆಲಸದ ದಿನ ಕೈಬಿಟ್ಟವನೂ ನಾನೇ.

ಮನೆ ಇರುವುದು ಬಸವನಹಳ್ಳಿ ಕಡೆ. ಮಂಗಳೂರು ಹಂಚು, ಕೆಸರುಗಲ್ಲಿನ ದಪ್ಪ ಗೋಡೆ, ಸೈಜುಗಲ್ಲಿನ ತಳಪಾಯ. ಮೊದಲು ಅಲ್ಲಿ ಬಚ್ಚಲು ಅಂದರೆ ಹಂಡೆ ಒಲೆ ಇದ್ದ ಕತ್ತಲೆ ಕೋಣೆ. ಸ್ನಾನದ ನೀರು ಕಲ್ಲುಹಾಸಿನ ಮೇಲೆ ಹರಿದು ಗೋಡೆ ಬುಡದ ತೂಬಿನಿಂದ ನೇರ ಹೊರಗೆ. ಹೊರಗೆ ಕೆಸುವಿನ ಗಿಡ, ಎರಡು ಬಾಳೆ. ಪಾಯಖಾನೆ ಬೇರೆ, ಹಿತ್ತಲ ಮೂಲೆಯಲ್ಲಿ. ಅದರ ಗೋಡೆಗೆ ಒರಗಿಸಿದ ನಾಲ್ಕಿಂಚಿನ ಸಿಮೆಂಟ್ ಪೈಪ್ ಸೂರಿನ ಮೇಲೆ ತಲೆ ಎತ್ತಿ ನಿಂತಿತ್ತು.

ಮಂಡಿ ನೋವು ಶುರುವಾದ ಮೇಲೆ ಮಳೆಯಲ್ಲಿ ಹಿತ್ತಲಿಗೆ ಓಡಾಡುವುದು ಆಗುವುದಿಲ್ಲ, ಮಲಗುವ ಕೋಣೆಗೆ ಹೊಂದಿಕೊಂಡ ಹಳೇ ಬಚ್ಚಲನ್ನೇ ಎಲ್ಲಾ ಸೌಕರ್ಯದ ಬಾತ್‌ರೂಮ್ ಮಾಡಿಕೊಡು ಅಂದರು. 5 ಅಡಿ ಅಗಲ, 7 ಅಡಿ ಉದ್ದ. ಕೋಣೆಯ ಕಡೆ, ಅಂದರೆ ದಕ್ಷಿಣಕ್ಕೆ, ಬಾಗಿಲು. ಬಾಗಿಲ ಪಕ್ಕ ಕಮೋಡ್. ಪೂರ್ವದ ಗೋಡೆಗೆ ಬೇಸಿನ್. ಉತ್ತರದ ತುದಿಯಲ್ಲಿ ಶವರ್, ವಾಯವ್ಯ ಮೂಲೆಯಲ್ಲಿ ನೆಲದ ಟ್ರ್ಯಾಪ್, ನಮ್ಮ ಕಡೆ ಎಲ್ಲರೂ ನಹಾನಿ ಟ್ರ್ಯಾಪ್ ಅನ್ನುವುದು. ಬೇಸಿನ್ ನೀರೂ ನೆಲದಡಿ ಅದೇ ಟ್ರ್ಯಾಪಿಗೆ ಬಂದು ಬೀಳುತ್ತದೆ. ಕಮೋಡಿನಿಂದ ಹೊರಟ 110 ಮಿ.ಮೀ. ಪೈಪ್ ಪಶ್ಚಿಮದ ಗೋಡೆಗುಂಟ ನೆಲದಡಿ ಉತ್ತರಕ್ಕೆ ಸಾಗುತ್ತೆ. ದಾರಿಯಲ್ಲಿ ಟ್ರ್ಯಾಪಿನ 75 ಮಿ.ಮೀ. ಕವಲು ಬಂದು ಸೇರುತ್ತೆ. ಆಮೇಲೆ ಗೋಡೆ ದಾಟಿ ಚೇಂಬರ್ ಅನ್ನುವ ಮುಚ್ಚಳದ ಗುಂಡಿ, ಅಲ್ಲಿಂದ ಸೆಪ್ಟಿಕ್ ಟ್ಯಾಂಕ್, ಕೊನೆಗೆ ಇಂಗುಗುಂಡಿ.

ನಕ್ಷೆಯಲ್ಲಿ ಟ್ರ್ಯಾಪಿನ ಕವಲಿನಿಂದ ಒಂದು ಚುಕ್ಕಿಗೆರೆ ಎಳೆದಿದ್ದೆ: 50 ಮಿ.ಮೀ. ವೆಂಟ್, ಅಂದರೆ ಗಾಳಿಯಾಡುವ ಪೈಪ್, ಹಂಚಿನ ಮೇಲಕ್ಕೆ. ಕೆಲಸದ ದಿನ ಮೇಸ್ತ್ರಿ ಮಾಡಿನ ಕಡೆ ನೋಡಿದ, ನಾನೂ ನೋಡಿದೆ. ಹಂಚಿಗೆ ತೂತು ಕೊರೆದರೆ ಆಷಾಢದ ಮಳೆಯಲ್ಲಿ ಸೋರುವುದು ಖಾತ್ರಿ. "ಒಂದೇ ಒಂದು ಬಾತ್‌ರೂಮಿಗೆ ವೆಂಟ್ ಯಾಕೆ ಸಾರ್, ಅದೆಲ್ಲ ಅಪಾರ್ಟ್‌ಮೆಂಟಿಗೆ" ಅಂದ. ಆಮೇಲೆ ನೋಡೋಣ ಅಂದೆ. ಎರಡು ದಿನದಲ್ಲಿ ಕಾಂಕ್ರೀಟು ಬಿತ್ತು, ಮೇಲೆ ಟೈಲ್ಸ್ ಬಂತು.

ಅಷ್ಟರಲ್ಲಿ ಹೊರಗೆ ಇನ್ನೆರಡು ಕೆಲಸ ನಡೆದಿದ್ದವು. ಹಳೇ ಪಾಯಖಾನೆ ಒಡೆದು ಆ ಜಾಗದಲ್ಲಿ ಕಾರಿಗೆ ಶೀಟಿನ ಶೆಡ್ ಹಾಕಿದರು. ಸಿಮೆಂಟ್ ಪೈಪ್ ಶೆಡ್ಡಿನ ಮಾಡಿಗೆ ಅಡ್ಡ ಬಂತೆಂದು ಕತ್ತರಿಸಿ, ಬಾಯಿಗೆ ಗೋಣಿ ತುರುಕಿ ಗಾರೆ ಮೆತ್ತಿದರು. ಅದು ಪಾಯಖಾನೆಯ ಪೈಪ್ ಮಾತ್ರ ಆಗಿರಲಿಲ್ಲ, ಸೆಪ್ಟಿಕ್ ಟ್ಯಾಂಕಿಗಿದ್ದ ಒಂದೇ ಒಂದು ಮೂಗು ಅದು. ಜಿರಳೆ ಬರುತ್ತೆ ಅಂತ ಚೇಂಬರಿನ ಮುಚ್ಚಳದ ಸುತ್ತಲೂ ಸಿಮೆಂಟ್ ಸವರಿದರು. ಎರಡೂ ನನ್ನ ಕಣ್ಣೆದುರೇ ಆದದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರು ವರ್ಷ ಆ ಬಚ್ಚಲಿಗೆ ವೆಂಟ್ ಇರಲಿಲ್ಲ, ವಾಸನೆಯೂ ಇರಲಿಲ್ಲ ಅಂತ ಅಜ್ಜಿ ಹೇಳಿದ್ದು ನಿಜ. ತೂಬಿನ ಎರಡು ತುದಿಯೂ ಬಯಲಿಗೆ ತೆರೆದಿತ್ತು. ನೀರಿನ ಹಿಂದೆ ಗಾಳಿ, ಮುಂದೆಯೂ ಗಾಳಿ. ನಾವು ಮಾಡಿದ್ದು ಆ ತೆರೆದ ಹರಿವನ್ನು ಪೈಪಿನೊಳಗೆ ಕೂಡಿಹಾಕಿದ್ದು, ಅದರ ಒಂದು ತುದಿಗೆ ಮಲದ ಟ್ಯಾಂಕ್ ಜೋಡಿಸಿದ್ದು, ಮತ್ತೆ ಇದ್ದಬದ್ದ ರಂಧ್ರಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ್ದು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಟುಕು ಗುಟುಕಾಗಿ ಬೀಳುತ್ತೆ. ಅಂಗಡಿಯವನು ಎದುರು ಮೂಲೆಗೆ ಮೊಳೆಯಿಂದ ಇನ್ನೊಂದು ತೂತು ಹೊಡೆಯುತ್ತಾನೆ. ಆ ಎರಡನೇ ತೂತೇ ವೆಂಟ್.

ಪೈಪಿನ ಹೊಲಸು ಗಾಳಿಗೂ ನಮ್ಮ ಮೂಗಿಗೂ ನಡುವೆ ಇರುವುದು ಟ್ರ್ಯಾಪಿನ ಬಾಗಿನಲ್ಲಿ ನಿಂತ ನೀರು ಮಾತ್ರ. ಬಾಗಿದ ಪೈಪಿನಲ್ಲಿ ನೀರು ನಿಲ್ಲಿಸಿ ವಾಸನೆ ತಡೆಯುವ ಉಪಾಯಕ್ಕೆ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದದ್ದು 1775ರಲ್ಲಿ. ಇವತ್ತಿಗೂ ಅದಕ್ಕಿಂತ ಒಳ್ಳೆಯ ಬಾಗಿಲು ಯಾರೂ ಕಂಡುಹಿಡಿದಿಲ್ಲ. ಆದರೆ ಅದು ಬಹಳ ಬಡಪಾಯಿ ಬಾಗಿಲು. ಒಳ್ಳೆಯ ಟ್ರ್ಯಾಪಿನಲ್ಲಿ ನೀರಿನ ತಡೆ 50 ಮಿ.ಮೀ., ಎರಡಿಂಚು. ಅಂದರೆ ಎರಡಿಂಚು ನೀರನ್ನು ಮೇಲೆತ್ತುವಷ್ಟು ಎಳೆತ ಪೈಪಿನೊಳಗೆ ಹುಟ್ಟಿದರೆ ಸಾಕು, ತಡೆ ಮುರಿಯುತ್ತೆ. ಸ್ಟ್ರಾ ಹಾಕಿ ಎಳನೀರು ಕುಡಿಯುವ ಮಗು ಅದರ ಮೂರು ಪಟ್ಟು ಎಳೆಯುತ್ತೆ.

ಫೋನ್ ಬಂದ ಮರುದಿನ ಹೋದೆ. ಮೊದಲು ಕೇಳಿದ್ದು: ಯಾವಾಗ ಜಾಸ್ತಿ? ರಾತ್ರಿ, ಅದರಲ್ಲೂ ಎರಡು ಗಂಟೆ ಮೇಲೆ. ಬೆಳಿಗ್ಗೆ ಸ್ನಾನ ಆದ ಮೇಲೆ ಏನೂ ಇಲ್ಲ. ಈ ಉತ್ತರದಲ್ಲೇ ಅರ್ಧ ರೋಗ ಸಿಕ್ಕಿತು. ಅಜ್ಜಿಯ ಸ್ನಾನ ಬೆಳಿಗ್ಗೆ ಆರಕ್ಕೆ. ಆಗ ಟ್ರ್ಯಾಪ್ ತುಂಬುತ್ತೆ. ಹಗಲು ಕೈ ತೊಳೆಯುವುದು ಅಭ್ಯಾಸ ಬಲದಿಂದ ಹಿತ್ತಲ ನಲ್ಲಿಯಲ್ಲೇ, ಹೊಸ ಬೇಸಿನ್ನಿನ ಮೇಲೆ ಹೂವಿನ ಬುಟ್ಟಿ ಇಟ್ಟಿದ್ದರು. ಹಾಗಾಗಿ ಟ್ರ್ಯಾಪಿಗೆ ಮತ್ತೆ ನೀರು ಬೀಳುವುದು ಮರುದಿನ ಆರಕ್ಕೆ. ನಡುವೆ ಏಳೆಂಟು ಸಲ ಫ್ಲಶ್. ಟ್ರ್ಯಾಪ್ ಸುಮ್ಮನೆ ಒಣಗುವುದಾದರೆ ಹಾಗೆ ಒಂದೇ ದಿನಕ್ಕೆ ಒಣಗುವುದಿಲ್ಲ, ಅದೂ ಆರಿದ್ರಾ ಮಳೆಯ ಥಂಡಿಯಲ್ಲಿ. ಪ್ರತಿ ಫ್ಲಶ್ಶೂ ಒಂದೊಂದು ಗುಟುಕು ಕುಡಿಯುತ್ತಿತ್ತು.

ಅಳೆದು ನೋಡಿದೆವು. ಜಾಲರಿ ತೆಗೆದು, ಟ್ರ್ಯಾಪ್ ತುಂಬಿ ಹರಿಯುವ ತನಕ ನೀರು ಹಾಕಿ ನಿಲ್ಲಿಸಿದೆ. ಕಡ್ಡಿಪೊರಕೆಯಿಂದ ಒಂದು ಕಡ್ಡಿ ಕಿತ್ತು, 5 ಮಿ.ಮೀ.ಗೊಂದು ಗೆರೆ ಹಾಕಿ, ಟ್ರ್ಯಾಪಿನ ಗೋಡೆಗೆ ಅಂಟುಪಟ್ಟಿಯಿಂದ ನಿಲ್ಲಿಸಿದೆ. ಟಾರ್ಚ್ ಹಿಡಿದುಕೊಂಡು ಮಂಡಿಯೂರಿ ಕೂತೆ. ಜತೆಗಿದ್ದ ಕೆಲಸದ ಹುಡುಗ ಫ್ಲಶ್ ಒತ್ತಿದ. ಮೊದಲು ನೀರು ಉಬ್ಬಿ, ಒಂದೆರಡು ಗುಳ್ಳೆ ಎದ್ದು, ಕ್ಷಣ ಬಿಟ್ಟು ಯಾರೋ ಕೆಳಗಿನಿಂದ ಹೀರಿದ ಹಾಗೆ ಸರಕ್ಕನೆ ಇಳಿಯಿತು. ಗೊಳಕ್. ಕಡ್ಡಿಯಲ್ಲಿ 14 ಮಿ.ಮೀ. ಕಡಿಮೆ. ಎರಡನೇ ಫ್ಲಶ್ಶಿಗೆ ಒಟ್ಟು 23, ಮೂರನೆಯದಕ್ಕೆ 30. ಇನ್ನು ಉಳಿದದ್ದು 20 ಮಿ.ಮೀ. ತಡೆ, ಅಷ್ಟು ಸಣ್ಣ ತಡೆಗೆ ಬಾಗಿಲ ಬಡಿತವೂ ಭಾರ.

ಎಳೆತವೋ ತಳ್ಳುವಿಕೆಯೋ ಅನ್ನುವುದು ಬೇರೆ ಮಾಡಿ ತಿಳಿಯಬೇಕಿತ್ತು. ಊದುಬತ್ತಿ ಹೊಗೆ ಹಿಡಿದು ನೋಡುವವರಿದ್ದಾರೆ, ನಾನು ಹಿಡಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ಗಾಳಿಯಲ್ಲಿ ಮೀಥೇನ್ ಇರುತ್ತೆ, ಮುಚ್ಚಳದ ಹತ್ತಿರವಂತೂ ಬೆಂಕಿ ತರಲೇಬಾರದು. ಅಜ್ಜಿ ಹೂಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯಿಂದ ಒಂದು ಎಳೆ ಕೇಳಿ ಪಡೆದೆ. ಟ್ರ್ಯಾಪಿನ ನೀರನ್ನೆಲ್ಲ ಸ್ಪಂಜಿನಿಂದ ತೆಗೆದು ಬಾಯಿ ಬರಿದು ಮಾಡಿ, ಜಾಲರಿ ಮೇಲೆ ಎಳೆ ಇಳಿಬಿಟ್ಟೆ. ಫ್ಲಶ್ ಒತ್ತಿದ ತಕ್ಷಣ ಎಳೆ ಮೇಲಕ್ಕೆದ್ದು ನನ್ನ ಮೂಗಿನ ಕಡೆ ಬಾಗಿತು, ಜತೆಗೆ ಕೊಳೆತ ಮೊಟ್ಟೆಯ ನಾತ. ಎರಡು ಸೆಕೆಂಡ್ ಬಿಟ್ಟು ಅದೇ ಎಳೆ ಒಳಕ್ಕೆ ಎಳೆದುಕೊಂಡು ಜಾಲರಿಗೆ ಅಂಟಿತು.

ಅಂದರೆ ಎರಡು ರೋಗ. ಮೊದಲು ತಳ್ಳುವುದು: ಫ್ಲಶ್ಶಿನ ಆರು ಲೀಟರ್ ನೀರು ಇಳಿಯುತ್ತಾ ತನ್ನ ಮುಂದಿರುವ ಗಾಳಿಯನ್ನು ದೂಡುತ್ತೆ. ಟ್ಯಾಂಕಿನ ಮೂಗು ಮುಚ್ಚಿದೆ, ಚೇಂಬರಿಗೆ ಸಿಮೆಂಟು. ಗಾಳಿಗೆ ಉಳಿದ ದುರ್ಬಲ ಬಾಗಿಲು ನಹಾನಿ ಟ್ರ್ಯಾಪ್ ಒಂದೇ. ಆಮೇಲೆ ಎಳೆಯುವುದು: ನೀರಿನ ಗಡ್ಡೆ ಮುಂದೆ ಸರಿದಾಗ ಅದರ ಹಿಂದೆ ಜಾಗ ಖಾಲಿ, ಅದನ್ನು ತುಂಬಲು ಗಾಳಿ ಬೇಕು, ಮತ್ತೆ ಅದೇ ಟ್ರ್ಯಾಪಿನ ನೀರನ್ನು ಹೀರಿಕೊಂಡು ಬರುತ್ತೆ. ಕಮೋಡಿನ ಸ್ವಂತ ಬಾಗಿನ ಬಗ್ಗೆ ಚಿಂತೆ ಬೇಕಿರಲಿಲ್ಲ, ಪ್ರತಿ ಫ್ಲಶ್ ಆದ ಮೇಲೆ ತೊಟ್ಟಿಯೇ ಅದಕ್ಕೆ ಮತ್ತೆ ನೀರು ತುಂಬಿಕೊಡುತ್ತೆ. ಅನಾಥ ಆದದ್ದು ನೆಲದ ಟ್ರ್ಯಾಪ್.

ಮಳೆ ಹಿಡಿದ ಮೇಲೆ ಯಾಕೆ ಜೋರಾಯಿತು ಅನ್ನುವುದು ಆಮೇಲೆ ಹೊಳೆಯಿತು. ಬೇಸಿಗೆಯಲ್ಲಿ ಇಂಗುಗುಂಡಿ ನೀರು ಕುಡಿಯುತ್ತಿತ್ತು, ಟ್ಯಾಂಕಿಗೆ ಎಷ್ಟು ಬಂತೋ ಅಷ್ಟು ಹೊರಗೆ ಹೋಗುತ್ತಿತ್ತು. ಜೂನ್ ಕೊನೆಗೆ ನೆಲವೇ ತುಂಬಿ ಗುಂಡಿ ಬಾಯಿಗೆ ಬಂತು. ಟ್ಯಾಂಕಿನ ನೀರಿನ ಮಟ್ಟ ಏರಿತು, ಮೇಲಿದ್ದ ಗಾಳಿ ಇಕ್ಕಟ್ಟಾಯಿತು. ಇದೇ ತಪ್ಪನ್ನು ಮಳೆ ಕಡಿಮೆಯ ಕಡೂರಿನ ಕಡೆ ಮಾಡಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಮಲೆನಾಡಿನ ಮಳೆ ಇಂಥದ್ದನ್ನು ಬಚ್ಚಿಡಲು ಬಿಡುವುದಿಲ್ಲ.

ಇನ್ನೊಂದು ಸಣ್ಣ ಸಂಗತಿಗೆ ನನಗೇ ನಗು ಬಂತು. ವಾಸನೆ ಹೋಗಲಿ ಅಂತ ಮಗ ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಇಡೀ ರಾತ್ರಿ ಹಚ್ಚಿಡಲು ಹೇಳಿ ಹೋಗಿದ್ದ. ಬಾಗಿಲು ಹಾಕಿದರೆ ಕೆಳಗೆ ಸಂದಿಲ್ಲ, ಹೊಸ ಬಾಗಿಲು, ನೀಟಾಗಿ ಕೂತಿತ್ತು. ಫ್ಯಾನ್ ಹೊರಗೆ ತಳ್ಳುವ ಗಾಳಿಗೆ ಬದಲಿ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕಲ್ಲ. ತಡೆ ಮುರಿದ ಟ್ರ್ಯಾಪಿನಿಂದ ಬರುತ್ತಿತ್ತು. ವಾಸನೆ ಓಡಿಸುವ ಫ್ಯಾನೇ ಟ್ಯಾಂಕಿನಿಂದ ವಾಸನೆ ಸೇದಿಕೊಡುತ್ತಿತ್ತು. ಆ ದಿನವೇ ಬಾಗಿಲ ಕೆಳಗೆ ಅರ್ಧ ಇಂಚು ಕೊಯ್ಸಿದೆ. ಅಜ್ಜಿಗೆ ಅದು ಇಷ್ಟವಾಗಲಿಲ್ಲ, ಹೊಸ ಬಾಗಿಲು ಅಂತ.

ಮೊದಲ ರಿಪೇರಿ ಹೊರಗಿನಿಂದ ಶುರು ಮಾಡಿದೆವು, ಟೈಲ್ಸ್ ಒಡೆಯದೆ ಮುಗಿದರೆ ಮುಗಿಯಲಿ ಅಂತ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಪ್ರಕಾರ ವೆಂಟ್ ಪೈಪ್ ಕನಿಷ್ಠ 50 ಮಿ.ಮೀ. ವ್ಯಾಸದ್ದಿರಬೇಕು, ಬಾಯಿಗೆ ಸೊಳ್ಳೆ ಹೋಗದ ಜಾಲರಿ ಇರಬೇಕು, ಟ್ಯಾಂಕ್ ಮನೆಗೆ ಹತ್ತಿರವಿದ್ದರೆ ಪೈಪಿನ ತಲೆ ಮಾಡಿಗಿಂತ ಸುಮಾರು 2 ಮೀಟರ್ ಮೇಲಿರಬೇಕು. ನಾವು 75 ಮಿ.ಮೀ. ಹಾಕಿದೆವು. ಶೆಡ್ಡಿನ ಪಕ್ಕಕ್ಕೆ ತಿರುಗಿಸಿ, ಮನೆಯ ತ್ರಿಕೋನ ಗೋಡೆಗೆ ಕ್ಲಾಂಪ್ ಹೊಡೆದು, ತುದಿಗೆ ಮೂರು ಕಡೆ ತಂತಿ ಬಿಗಿದು ನಿಲ್ಲಿಸಿದೆವು. ಮುಳ್ಳಯ್ಯನಗಿರಿ ಕಡೆಯಿಂದ ಆಷಾಢದ ಗಾಳಿ ಬೀಸಿದರೆ ಬರೀ ಕ್ಲಾಂಪ್ ನೆಚ್ಚಿಕೊಂಡ ಪೈಪ್ ಸಂಜೆಗೆ ಪಕ್ಕದ ಮನೆಯ ಅಂಗಳದಲ್ಲಿರುತ್ತೆ. ಟ್ಯಾಂಕ್ ತುಂಬಿದ್ದರಿಂದ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದ್ದೂ ಆಯಿತು. ನಮ್ಮ ಹುಡುಗನೊಬ್ಬ "ನಾನೇ ಇಳಿದು ನೋಡ್ತೀನಿ" ಅಂದ. ಅದೊಂದು ಮಾತಿಗೆ ಬೈದೆ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದಾಗ ಮೂಗಿಗೆ ಗೊತ್ತೇ ಆಗುವುದಿಲ್ಲ, ಮೂಗು ಮರಗಟ್ಟುತ್ತೆ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ರಕ್ಷಣೆ ಇಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಮತ್ತೆ ಕಡ್ಡಿ, ಮತ್ತೆ ಎಳೆ. ಎಳೆ ಈಗ ಮೇಲಕ್ಕೇಳಲಿಲ್ಲ. ತಳ್ಳುವಿಕೆ ನಿಂತಿತ್ತು, ನಾತವೂ ಮುಕ್ಕಾಲು ಪಾಲು ಇಳಿದಿತ್ತು. ಆದರೆ ಎಳೆತ ಇತ್ತು. ಮೊದಲ ಫ್ಲಶ್ಶಿಗೆ 14ರ ಬದಲು 11 ಮಿ.ಮೀ. ಮಗ ಫೋನಿನಲ್ಲಿ, "ವೆಂಟ್ ಹಾಕಿದ್ರಲ್ಲ, ಇನ್ನೇನು?" ಅಂದ. ಬಹಳ ಮಂದಿ ಎಡವುವುದು ಇಲ್ಲೇ. ಟ್ಯಾಂಕಿನ ವೆಂಟ್ ಇರುವುದು ನೀರಿನ ಮುಂದೆ. ಎಳೆತ ಹುಟ್ಟುವುದು ನೀರಿನ ಹಿಂದೆ. ನಡುವೆ ಪೈಪ್ ತುಂಬಿಕೊಂಡು ಓಡುವ ನೀರೇ ಬಿರಡೆ. ಮುಂದಿನ ಗಾಳಿ ಹಿಂದಕ್ಕೆ ದಾಟುವುದಿಲ್ಲ. ಹಿಂದಿನ ಗಾಳಿ ಹಿಂದಿನಿಂದಲೇ ಬರಬೇಕು.

ಆದರೂ ಒಂದು ಅನುಮಾನ ಉಳಿದಿತ್ತು. 110 ಮಿ.ಮೀ. ಪೈಪ್, ಒಂದೇ ಕಮೋಡ್, ಒಂದೇ ಅಂತಸ್ತು. ಸರಿಯಾಗಿ ಕೂತಿದ್ದರೆ ಅದು ತುಂಬಿ ಹರಿಯಬಾರದು, ನೀರು ತಳದಲ್ಲಿ ಹರಿದು ಮೇಲೆ ಗಾಳಿಗೆ ದಾರಿ ಉಳಿಯಬೇಕು. ನಮ್ಮದು ತುಂಬುತ್ತಿದೆ ಅಂದರೆ ಒಳಗೆ ಏನೋ ಅಡ್ಡ ಇದೆ. ಇನ್ನು ನೆಲ ಒಡೆಯದೆ ಗತಿ ಇಲ್ಲ.

ಒಡೆಯುವ ಮೊದಲು ಟೈಲ್ಸ್ ಲೆಕ್ಕ ಹಾಕಿದೆ. ಅಟ್ಟದ ಮೇಲೆ ಉಳಿದದ್ದು ಮೂರು. ಆ ಬಣ್ಣ ಅಂಗಡಿಯಲ್ಲಿ ಖಾಲಿಯಾಗಿ ತಿಂಗಳಾಗಿತ್ತು. ಹಾಗಾಗಿ ಮೂರೇ ಟೈಲ್ಸ್ ಜಾಗದಲ್ಲಿ ಕೆಲಸ ಮುಗಿಯಬೇಕು. ವಾಯವ್ಯ ಮೂಲೆಯಲ್ಲಿ ಟ್ರ್ಯಾಪ್, ಕವಲು, ಕೂಡುವ ಜಾಗ ಮೂರೂ ಒಂದೂವರೆ ಅಡಿಯೊಳಗೇ ಇದ್ದದ್ದು ಪುಣ್ಯ. ಗ್ರೈಂಡರಿನಿಂದ ಗ್ರೌಟ್ ಗೆರೆ ಕೊಯ್ದು, ಒಂದೊಂದನ್ನೇ ಎಬ್ಬಿಸಿದೆವು. ಎರಡು ಮುರಿದವು, ಮೂರನೆಯದು ಇಡಿಯಾಗಿ ಬಂತು. ಆ ಖುಷಿಗೆ ಮೇಸ್ತ್ರಿ ಟೀ ತರಿಸಿದ.

ಕೆಳಗೆ ಕಂಡದ್ದು ಹೇಳಬೇಕು. ಕವಲು ಕೂಡುವಲ್ಲಿ ನಾನು ಬರೆದದ್ದು 45 ಡಿಗ್ರಿಯ ವೈ, ಅಂದರೆ Y ಆಕಾರದ ಜೋಡಣೆ. ಹಾಕಿದ್ದು T ಆಕಾರದ ನೇರ ಟೀ, ಅದನ್ನೂ ಅಡ್ಡಡ್ಡ ಮಲಗಿಸಿ. ಕಮೋಡಿನ ನೀರು ಬಂದು ಟೀ ಬಾಯಿಗೆ ಡಿಕ್ಕಿ ಹೊಡೆದು, ಅಲ್ಲೇ ಉಬ್ಬಿ ಪೈಪ್ ತುಂಬುತ್ತಿತ್ತು. ಗೋಡೆ ದಾಟುವಲ್ಲಿ ಪೈಪ್ ಕಾಲಿಂಚಿನಷ್ಟು ಹೊಟ್ಟೆ ಬಿಟ್ಟಿತ್ತು, ಹಳೇ ಕಲ್ಲಿನ ತಳಪಾಯದಲ್ಲಿ ತೂತು ನೇರ ಸಿಕ್ಕದೆ ತಗ್ಗಿಸಿದ್ದರು. ಅಲ್ಲಿ ಯಾವಾಗಲೂ ನೀರು ನಿಂತು ಗಾಳಿಯ ದಾರಿ ಅಷ್ಟಕ್ಕೆ ಕಿರಿದು. ವೈ ಸಿಗದೆ ಟೀ ತಂದ ಹುಡುಗನನ್ನು ಬೈಯುವ ಹಾಗಿರಲಿಲ್ಲ, ಅವತ್ತು ಶನಿವಾರ, ಅಂಗಡಿಯಲ್ಲಿ ವೈ ಇರಲಿಲ್ಲ, ನಾನು ಮೂಡಿಗೆರೆಯಲ್ಲಿ ಇನ್ನೊಂದು ಕೆಲಸದಲ್ಲಿದ್ದೆ. ಅವನು ಫೋನ್ ಮಾಡಿದ್ದು, ನಾನು "ಹೂಂ ಹಾಕು" ಅಂದದ್ದು ಇಬ್ಬರಿಗೂ ನೆನಪಿತ್ತು.

ಟೀ ಕೊಯ್ದು ವೈ ಕೂರಿಸಿದೆವು. ಹೊಟ್ಟೆ ಬಿಟ್ಟ ಕಡೆ ಹೊರಗಿನಿಂದ ಅಗೆದು, ಕೆಳಗೆ ಕಾಂಕ್ರೀಟ್ ಹಾಸಿ ಪೈಪ್ ಎತ್ತಿ, ಅಡಿಗೆ ಕಾಲಿಂಚು ವಾಟ, ಅಂದರೆ ಇಳಿಜಾರು, ಸಿಗುವಂತೆ ಮಾಡಿದೆವು. ವಾಟ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಅನ್ನುವ ಮೇಸ್ತ್ರಿಗಳಿದ್ದಾರೆ. ಮುಖ್ಯ ಪೈಪಿಗೆ ಅಷ್ಟು ತೊಂದರೆ ಇಲ್ಲದಿರಬಹುದು, ಟ್ರ್ಯಾಪಿನ ಕವಲಿಗೆ ಮಾತ್ರ ಅದು ಕುತ್ತು. ಟ್ರ್ಯಾಪಿನಿಂದ ವೆಂಟಿನ ತನಕ ಇಳಿತ ಪೈಪಿನ ವ್ಯಾಸಕ್ಕಿಂತ ಜಾಸ್ತಿಯಾದರೆ ವೆಂಟಿನ ಬಾಯಿ ನೀರಿನ ಮಟ್ಟದಿಂದ ಕೆಳಗೆ ಬೀಳುತ್ತೆ, ಆಗ ಟ್ರ್ಯಾಪ್ ತನ್ನ ನೀರನ್ನು ತಾನೇ ಹೀರಿಕೊಂಡು ಹೋಗುತ್ತೆ.

ಆಮೇಲೆ ಆ ಚುಕ್ಕಿಗೆರೆ. ಟ್ರ್ಯಾಪಿನಿಂದ ಒಂದಡಿ ದೂರದಲ್ಲಿ, 75 ಮಿ.ಮೀ. ಕವಲಿನ ಮೇಲ್ಭಾಗದಿಂದ 50 ಮಿ.ಮೀ. ಪೈಪ್ ಎತ್ತಿದೆವು. ಪಕ್ಕದಿಂದ ತೆಗೆದರೆ ಸೋಪಿನ ಜಿಡ್ಡು, ಕೂದಲು ಹೋಗಿ ವೆಂಟಿನ ಬಾಯಿಗೇ ಕೂರುತ್ತೆ. ಗೋಡೆ ಕೊರೆದು ಒಳಗೆ ಹುದುಗಿಸೋಣ ಅಂದ ಮೇಸ್ತ್ರಿಗೆ ಬೇಡ ಅಂದೆ, ಹಳೇ ಕೆಸರುಗಲ್ಲಿನ ಗೋಡೆಗೆ ಉದ್ದುದ್ದ ಗಾಯ ಮಾಡಿದರೆ ಗಾರೆ ನಿಲ್ಲುವುದಿಲ್ಲ. ಮೂಲೆಯಲ್ಲೇ ಮೇಲಕ್ಕೆ ಬಿಟ್ಟು, ಸುತ್ತ ಇಟ್ಟಿಗೆ ಕಟ್ಟಿ, ಬೇಸಿನ್ ಅಂಚಿಗಿಂತ ಅರ್ಧ ಅಡಿ ಮೇಲೆ ಹೋದ ನಂತರವೇ ಅಡ್ಡ ತಿರುಗಿಸಿ ಪಶ್ಚಿಮದ ಗೋಡೆ ದಾಟಿಸಿದೆವು. ಅದಕ್ಕಿಂತ ಕೆಳಗೆ ಅಡ್ಡ ಹೋದರೆ, ಎಂದಾದರೂ ಪೈಪ್ ಕಟ್ಟಿಕೊಂಡಾಗ ಕೊಳಚೆ ವೆಂಟಿನೊಳಗೆ ನುಗ್ಗಿ ಅಲ್ಲೇ ಒಣಗುತ್ತೆ. ಅಡ್ಡ ಭಾಗಕ್ಕೂ ಒಳಮುಖವಾಗಿ ಸ್ವಲ್ಪ ವಾಟ, ಒಳಗೆ ಹನಿಗಟ್ಟಿದ ನೀರು ವಾಪಸ್ ಕವಲಿಗೆ ಇಳಿಯಲಿ ಅಂತ. ಇಟ್ಟಿಗೆಯ ಮೇಲ್ಭಾಗ ಸೋಪು ಇಡುವ ಕಟ್ಟೆಯಾಯಿತು. ಪೈಪ್ ಕೊಳ್ಳುವಾಗ ಮೈಮೇಲಿನ ಅಚ್ಚು ಓದಿದೆ: ಪಿವಿಸಿ ಪೈಪಿನ ಮಾನಕ ಐಎಸ್ 13592ರಲ್ಲಿ ಎ ಟೈಪ್ ವೆಂಟಿಗೂ ಮಳೆನೀರಿಗೂ, ಬಿ ಟೈಪ್ ಮಲಕ್ಕೂ ಕೊಳಚೆಗೂ. ನೆಲದೊಳಗೆ ಹೋಗುವ ತುಂಡು ಬಿ, ಮೇಲೆ ಹೋಗುವುದಕ್ಕೆ ಎ ಸಾಕು.

ಹಂಚಿಗೆ ತೂತು ಕೊರೆಯಲೇ ಇಲ್ಲ. ಪಶ್ಚಿಮಕ್ಕೆ ಎರಡೂವರೆ ಅಡಿಯ ಓಣಿ ಇದೆ, ಗೋಡೆ ದಾಟಿದ ಪೈಪ್ ಓಣಿಯಲ್ಲೇ ಮೇಲೇರಿ ಸೂರಿನ ಅಂಚಿನಿಂದ ಆಚೆಗೆ ತಲೆ ಎತ್ತುತ್ತೆ. ಮಾರ್ಚ್‌ನಲ್ಲಿ ಇದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ. ಮಾಡು ನೋಡಿ ಹೆದರಿದವನಿಗೆ ಗೋಡೆ ಕಾಣಲಿಲ್ಲ. ಓಣಿಯ ಆಚೆ ಪಕ್ಕದವರ ಅಡುಗೆಮನೆ ಕಿಟಕಿ. ಏಣಿ ಹಾಕುವಾಗಲೇ ಆ ಮನೆಯವರು ತಲೆ ಹೊರಗೆ ಹಾಕಿ, "ನಿಮ್ಮ ಬಚ್ಚಲ ಗಾಳಿ ನಮ್ಮ ಒಗ್ಗರಣೆಗಾ?" ಅಂದರು. ನ್ಯಾಯವಾದ ಮಾತು. ಸೂರಿನ ಮಟ್ಟಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದ ಪೈಪನ್ನು ಅವರ ಕಿಟಕಿಯ ತಲೆಗಿಂತ ಎತ್ತರಕ್ಕೆ, ಮಾಡಿನ ಏರಿಗಿಂತಲೂ ಮೇಲಕ್ಕೆ ಒಯ್ದೆವು. ಇನ್ನೊಂದು ಉದ್ದ ಪೈಪ್ ಬೇಕಾಯಿತು, ಅಷ್ಟೇ.

ಇದರ ಬದಲು ಒಳಗೇ ಒಂದು ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಬಹುದಿತ್ತಲ್ಲ ಅಂತ ಮಗ ಕೇಳಿದ, ಆನ್‌ಲೈನಿನಲ್ಲಿ ನೋಡಿದ್ದನಂತೆ. ಹಾಕಬಹುದು. ಒಳಗೆ ಎಳೆತ ಹುಟ್ಟಿದಾಗ ಅದರ ರಬ್ಬರ್ ಬಿಲ್ಲೆ ಎದ್ದು ಕೋಣೆಯ ಗಾಳಿಯನ್ನು ಪೈಪಿಗೆ ಬಿಡುತ್ತೆ, ಎಳೆತ ನಿಂತಾಗ ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತೆ. ಎಳೆತಕ್ಕೆ ಮದ್ದು, ತಳ್ಳುವಿಕೆಗೆ ಅಲ್ಲ. ಟ್ಯಾಂಕಿನ ವೆಂಟ್ ತೆರೆದ ಮೇಲೆ ಇಲ್ಲಿ ಅದು ಸಾಕಾಗುತ್ತಿತ್ತು ಕೂಡ. ಆದರೆ ಐದಾರು ವರ್ಷ ಬಿಟ್ಟು ರಬ್ಬರ್ ಗಟ್ಟಿಯಾಗಿ ಸರಿಯಾಗಿ ಕೂರದೆ ಹೋದರೆ ಅದು ಕೋಣೆಯೊಳಗೇ ಬಾಯ್ತೆರೆದ ಚರಂಡಿ. ಅಪಾರ್ಟ್‌ಮೆಂಟಿನಲ್ಲಿ ಬೇರೆ ದಾರಿ ಇಲ್ಲದವರು ಹಾಕಲಿ, ಕೈಗೆ ಸಿಗುವ ಜಾಗದಲ್ಲಿ, ಕವಲಿಗಿಂತ ಕನಿಷ್ಠ ನಾಲ್ಕಿಂಚು ಮೇಲೆ. ಪಕ್ಕದಲ್ಲೇ ಓಣಿ ಇರುವಾಗ ನನಗೆ ಅದು ಬೇಡ ಅನ್ನಿಸಿತು.

ಟೈಲ್ಸ್ ಮುಚ್ಚುವ ಮೊದಲೇ ಪರೀಕ್ಷೆ. ಹಿಂದಿನ ಬಾರಿ ಕಲಿತ ಬುದ್ಧಿ. ವೈ ಮತ್ತು ವಾಟ ಎಷ್ಟು ಕೆಲಸ ಮಾಡಿದೆ, ವೆಂಟ್ ಎಷ್ಟು ಮಾಡಿದೆ ಅಂತ ತಿಳಿಯಲು ಮೊದಲು ಹುಡುಗನನ್ನು ಏಣಿ ಹತ್ತಿಸಿ ವೆಂಟಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿಸಿದೆ. ಫ್ಲಶ್. ನೀರು 6 ಮಿ.ಮೀ. ಇಳಿಯಿತು. ಕವರ್ ತೆಗೆಸಿದೆ. ಫ್ಲಶ್. ಕಡ್ಡಿಯಲ್ಲಿ ಕಣ್ಣಿಗೆ ಕಂಡದ್ದು ಒಂದು ಸಣ್ಣ ತೂಗಾಟ, ಮತ್ತೆ ಅದೇ ಗೆರೆ. ಮೂರು ಸಲ ಬೆನ್ನುಬೆನ್ನಿಗೆ ಒತ್ತಿ, ಬೇಸಿನ್ ಪೂರ್ತಿ ತುಂಬಿಸಿ ಒಮ್ಮೆಗೇ ಬಿಟ್ಟ ಮೇಲೂ ತಡೆ 48 ಮಿ.ಮೀ.ಗಿಂತ ಕೆಳಗೆ ಹೋಗಲಿಲ್ಲ. ಗೊಳಕ್ ಇಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, "ಮೂಕ ಆಯ್ತಲ್ಲೋ" ಅಂದರು.

ಕವರ್ ಕಟ್ಟಿದಾಗಲೂ 6 ಮಿ.ಮೀ. ಮಾತ್ರ ಇಳಿದದ್ದನ್ನು ನೋಡಿ ಮೇಸ್ತ್ರಿ, ಹಾಗಾದರೆ ವೆಂಟ್ ಇಲ್ಲದೆಯೂ ಆಗುತ್ತಿತ್ತು ಅಂದ. ಒಂದು ಫ್ಲಶ್ಶಿಗೆ 6. ದಿನಕ್ಕೆ ಏಳೆಂಟು ಫ್ಲಶ್, ಹೂವಿನ ಬುಟ್ಟಿ ಇಟ್ಟ ಬೇಸಿನ್. ಲೆಕ್ಕ ಅವನಿಗೇ ಬಿಟ್ಟೆ.

ಈ ಎರಡನೇ ಸುತ್ತಿಗೆ ಪೈಪ್, ಕೂಲಿ, ಸಕ್ಕಿಂಗ್ ಗಾಡಿ ಸೇರಿ ಹದಿಮೂರು ಸಾವಿರದ ಹತ್ತಿರ ಹೋಯಿತು. ಕೂಲಿ ನಾನು ಹಾಕಿದೆ, ಪೈಪು ಮತ್ತು ಗಾಡಿ ಅವರು. ಮಾರ್ಚ್‌ನಲ್ಲಿ ನೆಲ ಬಿಚ್ಚಿದ್ದಾಗಲೇ ಮಾಡಿದ್ದರೆ ಎರಡು ಉದ್ದ ಪೈಪ್, ಒಂದು ವೈ, ನಾಲ್ಕು ಎಲ್ಬೋ, ಪೈಪಿನ ಬಾಯಿಗೆ ಒಂದು ಕೌಲ್ (ಜಾಲರಿಯ ಟೊಪ್ಪಿ), ಅರ್ಧ ದಿನದ ಕೆಲಸ.

ಇನ್ನೊಂದು ತಪ್ಪು ಹಾಗೇ ಉಳಿದಿದೆ, ಅದನ್ನು ಸರಿ ಮಾಡಲಾಗಲಿಲ್ಲ. ಸ್ನಾನದ ನೀರನ್ನು ಟ್ಯಾಂಕಿಗೆ ಬಿಡಲೇಬಾರದಿತ್ತು. ಹಳೇ ಪದ್ಧತಿಯಲ್ಲಿ ಎರಡು ಪೈಪ್: ಮಲದ್ದು ಟ್ಯಾಂಕಿಗೆ, ಬಚ್ಚಲಿನದು ಬೇರೆಯಾಗಿ ಗಲ್ಲಿ ಟ್ರ್ಯಾಪ್ ಅನ್ನುವ ಹೊರಗಿನ ಟ್ರ್ಯಾಪಿಗೆ. ಹಾಗೆ ಮಾಡಿದ್ದರೆ ಫ್ಲಶ್ಶಿಗೂ ನಹಾನಿ ಟ್ರ್ಯಾಪಿಗೂ ಸಂಬಂಧವೇ ಇರುತ್ತಿರಲಿಲ್ಲ, ಮಳೆಗಾಲದಲ್ಲಿ ಇಂಗುಗುಂಡಿಗೆ ದಿನಕ್ಕೆ ಅಷ್ಟು ಬಕೆಟ್ ನೀರು ಹೆಚ್ಚುವರಿಯಾಗಿ ಬೀಳುತ್ತಲೂ ಇರಲಿಲ್ಲ. ಈಗ ಉತ್ತರದ ಗೋಡೆಯ ಹೊರಗೆ ಶೆಡ್ಡಿನ ಕಾಂಕ್ರೀಟ್ ನೆಲ. ಕೆಸುವಿನ ಮಡಿ ಅದರ ಕೆಳಗಿದೆ. ಅಜ್ಜಿಗೆ ನನ್ನ ಮೇಲೆ ಇರುವ ನಿಜವಾದ ಸಿಟ್ಟು ಅದೇ, ವಾಸನೆಯದಲ್ಲ. "ಆಷಾಢದಲ್ಲಿ ಪತ್ರೊಡೆಗೆ ಎಲೆ ಪೇಟೆಯಿಂದ ತರಿಸ್ಬೇಕಾಯ್ತು" ಅಂತ ಈ ಸಲವೂ ಹೇಳಿದರು. ಒಗೆಯುವ ಕಲ್ಲಿನ ನೀರನ್ನು ಬಾವಿ ಕಟ್ಟೆಯ ಆಚೆಗೆ ತಿರುಗಿಸಿಕೊಟ್ಟಿದ್ದೇನೆ, ಅಲ್ಲಿ ನಾಲ್ಕು ಗಡ್ಡೆ ನೆಟ್ಟಿದ್ದಾರೆ.

ಕಾರ್ತಿಕದಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಏಣಿ ಹಾಕಿ ಓಣಿಯ ಪೈಪಿನ ತುದಿ ನೋಡಿದೆ. ಕೌಲಿನ ಜಾಲರಿಯ ಅರ್ಧ ಭಾಗಕ್ಕೆ ಕಣಜ ಮಣ್ಣು ಮೆತ್ತಿ ಗೂಡು ಶುರು ಮಾಡಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಪೈಪ್ ಪೂರ್ತಿ ಮುಚ್ಚುತ್ತಿತ್ತು. ಚಾಕುವಿನಿಂದ ಕೆರೆದು ತೆಗೆದೆ. ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಕೌಲ್ ನೋಡಬೇಕು ಅಂತ ಬಚ್ಚಲ ಬಾಗಿಲ ಹಿಂದೆ ಮಾರ್ಕರ್‌ನಲ್ಲಿ ಬರೆದು ಬಂದೆ. ಬಚ್ಚಲ ನೆಲದ ಜಾಲರಿಗೆ ಕಟ್ಟಿದ್ದ ಹತ್ತಿಯ ಎಳೆಯನ್ನು ಅಜ್ಜಿ ಬಿಚ್ಚಿರಲಿಲ್ಲ.